ಪಾಳಿಗಿಟ್ಟ ಬುತ್ತಿಗಂಟು

ಗೋಲಗುಂಬಜ್ ನೋಡಿ ಬರಲು ನನಗೆ ತಗುಲಿದ್ದು ಒಂದು ದಿನದ ಗಾಡಿ ಬಾಡಿಗೆ, ಎರಡು ಟಿಕೇಟು ಮತ್ತು ಒಂದು ಬುತ್ತಿಗಂಟು. ಬಾಡಿಗೆಯನ್ನು ಮಾನ್ವಿಯಲ್ಲಿಯೇ ಜಗ್ಗಾಡಿ, ಗಾಡಿಯವನ ಮುಖ ಸಣ್ಣದಾಗುವ ತನಕ ಇಳಿಸಿದ್ದೆ. ಟಿಕೇಟಿನ ದರ ಸರಕಾರದ್ದು, ಅಲ್ಲಿ ನಮ್ಮ ಬಾಯಿ ನಡೆಯುವುದಿಲ್ಲ. ಬುತ್ತಿಗಂಟಿನ ಬೆಲೆಯನ್ನು ಮಾತ್ರ ನಾನು ಅಂದಾಜು ಮಾಡಿರಲಿಲ್ಲ. ಅದು ಇಡೀ ಒಂದು ಮಧ್ಯಾಹ್ನವನ್ನು ನುಂಗಿತು.

ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆ ಇರುವಾಗ ಇವಳೇಕೆ ಗಾಡಿ ಮಾಡಿದಳು ಎಂದು ನೀವು ಕೇಳಬಹುದು. ನನ್ನ ಜೊತೆ ದೊಡ್ಡವ್ವ ಇದ್ದಳು. ದೊಡ್ಡವ್ವನ ಜೊತೆ ಅವಳ ಎರಡು ಮೊಣಕಾಲು ಇದ್ದವು. ಬಸ್ಸಿನ ಮೆಟ್ಟಿಲಿಗೆ ಒಪ್ಪಿಸುವುದೆಂದರೆ ಅವಳು ಒಬ್ಬಳು, ಮೊಣಕಾಲು ಎರಡು, ಒಟ್ಟು ಮೂವರನ್ನು ಒಪ್ಪಿಸಿದಷ್ಟು ಕಷ್ಟ. ರಾಯಚೂರಿನ ಎಲುಬಿನ ಡಾಕ್ಟರು ಫೋಟೋ ತೆಗೆಸಿ, ಬೆಳಕಿಗೆ ಹಿಡಿದು, ಇನ್ನು ಮೆಟ್ಟಿಲು ಹತ್ತುವುದನ್ನು ಬಿಟ್ಟುಬಿಡಬೇಕು ಎಂದಿದ್ದರು. ಹೊರಗೆ ಬಂದು, ಪಾಳಿಗೆ ಕುಳಿತವರ ನಡುವೆ ಸೆರಗು ಸರಿ ಮಾಡಿಕೊಂಡು, ದೊಡ್ಡವ್ವ ನನಗೆ ಹೇಳಿದಳು:

“ಬಿಡೂದು ಅಂತೂ ಅದ. ಬಿಡೂಕಿಂತ ಮೊದ್ಲ ಒಮ್ಮಿ ಹತ್ತಿ ಬಿಡೂನು. ಗುಂಬಜಕ್ಕ ಕರ್ಕೊಂಡು ನಡಿ.”

ನಾನು ನಕ್ಕೆ. ಅವಳು ನಗಲಿಲ್ಲ. ಅವಳಿಗೆ ಗುಮ್ಮಟ ನೋಡುವ ಆಸೆ ಇರಲಿಲ್ಲ. ಅಲ್ಲಿ ಮೇಲೆ ಹತ್ತಿ ಒಂದು ಹೆಸರು ಹೇಳಬೇಕಾಗಿತ್ತು.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಲಗ್ನವಾಗಿ ಮನೆ ತುಂಬಿಸಿಕೊಳ್ಳುವ ದಿನ ಮಾತ್ರ ಹೊಸ ಮದುಮಗಳನ್ನು ಬಾಗಿಲಲ್ಲಿ ಅಡ್ಡಗಟ್ಟಿ, ಒಡಪು ಕಟ್ಟಿ ಅದರೊಳಗೆ ಗಂಡನ ಹೆಸರು ಇಟ್ಟು ಹೇಳು ಎಂದು ಹುಡುಗಿಯರು ಕಾಡುತ್ತಾರೆ. ದೊಡ್ಡವ್ವ ಅಂದು ಹೇಳಿದ ಒಡಪು ನನಗೆ ಬಾಯಿಪಾಠ: ಹೊಲದಾಗಿನ ಜ್ವಾಳಕ್ಕ ಕವಣಿ ಕಾವಲು, ಗೂಡಿನಾಗಿನ ದೀಪಕ್ಕ ಗ್ವಾಡಿ ಕಾವಲು, ನನ್ನ ಬಾಳೇಕ್ಕ ಇಂಥವರು ಕಾವಲು. ಆ ‘ಇಂಥವರು’ ಇರುವಲ್ಲಿ ಹೆಸರು ಬರಬೇಕು. ಅವಳು ಹೇಳಿದ್ದು ಅದೊಂದೇ ಸಲ. ಆಮೇಲೆ ಬಾಳೇವು ಪೂರ್ತಿ ‘ರೀ’, ‘ಕೇಳ್ರಿಲ್ಲೆ’, ಸಿಟ್ಟು ಬಂದರೆ ‘ಈ ಮನಿಯವ್ರು’.

ದೊಡ್ಡಪ್ಪ ಗೌಂಡಿ, ಗೋಡೆ ಕಟ್ಟುವವನು. ಹರೆಯದಲ್ಲಿ ಕೆಲಸ ಹುಡುಕಿಕೊಂಡು ವಿಜಯಪುರದ ಕಡೆ ಹೋದಾಗ ಗುಂಬಜ್ ಹತ್ತಿ ಬಂದಿದ್ದ. ಸಂಜೆ ಕೈಕಾಲಿಗೆ ಹತ್ತಿದ ಸಿಮೆಂಟು ತೊಳೆದುಕೊಂಡು ಕಟ್ಟೆಗೆ ಕುಳಿತನೆಂದರೆ ಹೆಂಡತಿಯನ್ನು ಕೆಣಕುವುದು ಅವನ ಹವ್ಯಾಸ.

“ಒಮ್ಮಿ ನನ್ನ ಹೆಸರು ಹೇಳಿ ಬಾಯಿಗೆ ಬೀಗ ಹಾಕಿದಿ. ನಡಿ, ಗುಂಬಜಕ್ಕ ಕರ್ಕೊಂಡು ಹೋಗ್ತೀನಿ. ಅಲ್ಲಿ ಒಂದ್ಸಲ ಅಂದ್ರ ಏಳು ಸಲ ಕೇಳ್ತದ. ಒಂದರ ಬೆಲಿಗೆ ಏಳು! ಇಂಥಾ ವ್ಯಾಪಾರ ಎಲ್ಲಿ ಸಿಗ್ತದ?”

“ಒಂದಕ್ಕ ಇಷ್ಟು ಉಬ್ಬೀರಿ, ಏಳಕ್ಕ ಓಣ್ಯಾಗ ಹಿಡಿಸ್ತೀರೇನು?” ಎಂದು ದೊಡ್ಡವ್ವ ಒಲೆಯ ಮುಂದಿನಿಂದಲೇ ಅನ್ನುತ್ತಿದ್ದಳು.

ವ್ಯಾಪಾರವನ್ನು ನಾನು ಮೊದಲು ಕಲಿತದ್ದು ಆ ಕಟ್ಟೆಯ ಮೇಲೆ ಅನಿಸುತ್ತದೆ. ಮುಂದೆ ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುತ್ತ ಪೋತ್ನಾಳ, ಕಲ್ಲೂರು, ನೀರಮಾನ್ವಿಯ ಓಣಿಗಳನ್ನು ತಿರುಗಿದೆ. ತಲೆಯ ಮೇಲಿನ ಬುಟ್ಟಿ ಇಳಿದು ಮಾನ್ವಿಯಲ್ಲಿ ಅಂಗಡಿಯಾಯಿತು. ಎಷ್ಟು ಜನರ ಜೊತೆ ಜಗ್ಗಾಡಿದರೂ ಒಂದರ ಬೆಲೆಗೆ ಏಳು ಕೊಡುವವನು ನನಗೆ ಸಿಗಲಿಲ್ಲ. ದೊಡ್ಡಪ್ಪ ಆ ವ್ಯಾಪಾರ ಕುದುರಿಸುವ ಮೊದಲೇ ಹೋದ. ಹೋದ ಮೇಲೂ ದೊಡ್ಡವ್ವನ ಬಾಯಿಯಲ್ಲಿ ಹೆಸರು ಬರಲಿಲ್ಲ. ಆದರೆ ಅವಳೂ ಒಂದು ಲೆಕ್ಕ ಹಾಕಿಟ್ಟಿದ್ದಳು ಎಂದು ನನಗೆ ತಿಳಿದದ್ದು ರಾಯಚೂರಿನಿಂದ ತಿರುಗಿ ಬರುವಾಗ.

“ಮನ್ಯಾಗ ಅಂದ್ರ ನಾ ಅಂದಂಗ ಆಗ್ತದ. ಅಲ್ಲಿ ನಾ ಒಂದ್ಸಲ ಉಸರ್ತೀನಿ, ಉಳಿದಿದ್ದು ಗುಂಬಜ ಅಂತದ. ಅದು ನನ್ನ ಮ್ಯಾಲೆ ಬರಂಗಿಲ್ಲ.”

ಮಾನ್ವಿಯಲ್ಲಿ ಗಾಡಿ ಗೊತ್ತು ಮಾಡಿ, ಹಿಂದಿನ ಸಂಜೆಯೇ ದೇವದುರ್ಗಕ್ಕೆ ಹೋಗಿ ದೊಡ್ಡವ್ವನ ಮನೆಯಲ್ಲಿ ಉಳಿದೆ.

ಪಾಳಿಯ ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು, ಇಲ್ಲದಿದ್ದರೆ ನಾನು ಮುಂದೆ ಮಾಡಿದ್ದು ನಿಮಗೆ ದಡ್ಡತನ ಅನಿಸೀತು. ನಾನು ಬೆಳೆದದ್ದು ದೊಡ್ಡವ್ವನ ಅದೇ ಮನೆಯಲ್ಲಿ. ಆಗ ಆ ಓಣಿಗೆಲ್ಲ ಇದ್ದದ್ದು ಒಂದೇ ನಲ್ಲಿ. ನೀರು ಯಾವಾಗ ಬರುತ್ತದೆ ಎನ್ನುವುದು ನಲ್ಲಿಗೂ ಗೊತ್ತಿರುತ್ತಿರಲಿಲ್ಲ. ಕೂಲಿಗೆ ಹೋಗುವ ಹೆಂಗಸರು ಅದರ ಮುಂದೆ ನಿಂತರೆ ಒಲೆ ಹಚ್ಚುವವರು ಯಾರು? ಅದಕ್ಕೇ ನಮ್ಮಲ್ಲಿ ಮನುಷ್ಯರು ನಿಲ್ಲುತ್ತಿರಲಿಲ್ಲ, ಕೊಡಗಳು ನಿಲ್ಲುತ್ತಿದ್ದವು. ಕೊಡ ಸಾಲದವರು ಕಲ್ಲು ಇಡುತ್ತಿದ್ದರು. ಕಲ್ಲೂ ಸಿಗದಿದ್ದರೆ ಹರಿದ ಚಪ್ಪಲಿ, ತೂತು ಬಿದ್ದ ಬುಟ್ಟಿ. ನಸುಕಿನಲ್ಲಿ ಕಣ್ಣುಜ್ಜಿಕೊಂಡು ಬಾಗಿಲಿಗೆ ಬಂದರೆ ತೆಳು ಮಂಜಿನೊಳಗೆ ಕೊಡಗಳ ಸಾಲು ಕಾಣುತ್ತಿತ್ತು. ಕುಳ್ಳಗಿನ ಹೆಂಗಸರು ತಲೆ ತುಂಬ ಸೆರಗು ಹೊದ್ದು, ಯಾವುದೋ ಊರಿಗೆ ಹೊರಟವರು ದಾರಿಯಲ್ಲಿ ಕುಳಿತು ದಣಿವಾರಿಸಿಕೊಂಡ ಹಾಗೆ. ಆ ಸಾಲಿನಲ್ಲಿ ನಮ್ಮ ಕೊಡದ ಸೊಟ್ಟ ಬಾಯಿಯನ್ನು ನಾನು ದೂರದಿಂದಲೇ ಗುರುತಿಸುತ್ತಿದ್ದೆ, ಅದೂ ನನ್ನನ್ನು ಗುರುತಿಸುತ್ತದೆ ಅಂದುಕೊಂಡಿದ್ದೆ. ಕೊಡ ನಿಂತರೆ ಆಳು ನಿಂತಂತೆ. ಇನ್ನೊಬ್ಬರ ಕಲ್ಲನ್ನು ಸರಿಸಿದವಳು ಹೊತ್ತು ಮುಳುಗುವ ತನಕ ಓಣಿಯ ಬಾಯಿಗೆ ಬೀಳಬೇಕಾಗಿತ್ತು.

ಈಗ ಮನೆಮನೆಗೆ ನಲ್ಲಿ ಬಂದಿದೆ. ಆದರೆ ಮೈಯೊಳಗಿನ ಪಾಳಿ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ನಸುಕಿನಲ್ಲಿಯೇ ಹೊರಟೆವು. ತಿಂಥಣಿ ಸೇತುವೆ ದಾಟುವಾಗ ಕೃಷ್ಣೆಯ ಮೇಲೆ ಮಂಜು ಹಾಸಿತ್ತು. ನೀರು ಕಾಣಲಿಲ್ಲ. ಗಾಡಿ ಮೋಡದ ಮೇಲೆ ಹೋಗುತ್ತಿದೆ ಎಂಬಂತೆ ದೊಡ್ಡವ್ವ ಕಿಟಕಿಗೆ ಹಣೆ ಹಚ್ಚಿ ಕುಳಿತಿದ್ದಳು. ಅವಳ ತೊಡೆಯ ಮೇಲೆ ಬುತ್ತಿಗಂಟು: ಕಟಿ ರೊಟ್ಟಿ, ಪುಂಡಿಪಲ್ಯ, ಸ್ಟೀಲ್ ಡಬ್ಬಿಯೊಳಗೆ ಶೇಂಗಾ ಚಟ್ನಿ, ಎಲ್ಲವನ್ನೂ ದೊಡ್ಡಪ್ಪನ ಹಳೆ ಧೋತರದ ತುಂಡಿನಲ್ಲಿ ಗಟ್ಟಿಯಾಗಿ ಕಟ್ಟಿದ್ದಳು. ಅವಳ ತುಟಿಗಳು ಅಲ್ಲಾಡುತ್ತಿದ್ದವು. ಒಡಪನ್ನು ರೂಢಿ ಮಾಡಿಕೊಳ್ಳುತ್ತಿದ್ದಾಳೆ ಎಂದು ತಿಳಿದು ನಾನು ಕಣ್ಣು ಮುಚ್ಚಿಕೊಂಡೆ.

ಗುಂಬಜ್ ದೂರದಿಂದ ಕಂಡಾಗ ಅದು ಕಟ್ಟಡ ಅನಿಸಲಿಲ್ಲ. ಬಿಸಿಲು ಏರಿದ್ದ ಬಯಲಿನ ಅಂಚಿನಲ್ಲಿ ಯಾರೋ ಬೋರಲು ಹಾಕಿಟ್ಟ ಗಡಿಗೆ. ಹತ್ತಿರ ಹೋದಂತೆ ಗಡಿಗೆ ಬೆಳೆಯಿತು, ಜೊತೆಗೆ ಪಾಳಿಯೂ ಬೆಳೆಯಿತು. ಶಾಲೆಯ ಪ್ರವಾಸದ ದಿನಗಳು. ಬಸ್ಸುಗಳು ಬಂದು ಬಂದು ಮಕ್ಕಳನ್ನು ಸುರಿಯುತ್ತಿದ್ದವು. ಟಿಕೇಟಿನ ಕಿಟಕಿಗೆ ಒಂದು ಪಾಳಿ, ಟಿಕೇಟು ಕೈಗೆ ಬಂದ ಮೇಲೆ ತಪಾಸಣೆಗೆ ಇನ್ನೊಂದು ಪಾಳಿ, ತುದಿಯಲ್ಲಿ ಚೌಕಟ್ಟು ಮಾತ್ರ ಇರುವ, ಬಾಗಿಲಿಲ್ಲದ ಒಂದು ಬಾಗಿಲು. ಅದರೊಳಗೆ ಯಾರು ಹಾದರೂ ಅದು ಕೀಂ ಎನ್ನುತ್ತಿತ್ತು. ಗಾಡಿಯವನು ದೂರದಲ್ಲಿ ಎಲ್ಲೋ ಜಾಗ ಹುಡುಕಿಕೊಂಡು ಹೋಗಿ ನಿಂತ.

ಟಿಕೇಟು ತೆಗೆದುಕೊಂಡು ತಪಾಸಣೆಯ ಪಾಳಿಯಲ್ಲಿ ಅರ್ಧ ಸರಿಯುವಷ್ಟರಲ್ಲಿ ದೊಡ್ಡವ್ವ ನನ್ನ ತೋಳಿನ ಮೇಲೆ ಭಾರ ಬಿಟ್ಟಳು. ಅತ್ತ ಬೇವಿನ ಮರ, ಅದರ ಕೆಳಗೆ ಕಟ್ಟೆ, ಖಾಲಿ ನೆರಳು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಬುತ್ತಿಗಂಟನ್ನು ನಮ್ಮ ಜಾಗದಲ್ಲಿ ನೆಲಕ್ಕಿಟ್ಟು, ಹಿಂದಿನ ಕುಟುಂಬದ ಯಜಮಾನನಿಗೆ “ನಮ್ಮ ಪಾಳಿ ಅದರೀ, ನೋಡ್ಕೊಂತಿರ್ರಿ” ಎಂದು ಸನ್ನೆ ಮಾಡಿದೆ. ಅವನು ತಲೆ ಅಲ್ಲಾಡಿಸಿದ. ಅವನು ಯಾವ ಊರಿನವನೋ, ಕನ್ನಡ ಬರುತ್ತಿತ್ತೋ ಇಲ್ಲವೋ. ನಗುತ್ತ ತಲೆ ಅಲ್ಲಾಡಿಸುವವರನ್ನು ನಂಬಬಾರದು ಎಂದು ವ್ಯಾಪಾರದಲ್ಲಿ ಕಲಿತಿದ್ದೆ, ಪಾಳಿಯಲ್ಲಿ ಮರೆತೆ.

ನೆರಳು ತಂಪಾಗಿತ್ತು. ದೊಡ್ಡವ್ವ ಮೊಣಕಾಲು ನೀವಿಕೊಳ್ಳುತ್ತ ಗುಂಬಜ್ ನೋಡುತ್ತಿದ್ದಳು. ನನಗೆ ಜೋಂಪು ಹತ್ತಿತು. ಪಾಳಿ ಕೊಡಗಳ ಪಾಳಿಯಾಯಿತು, ಯಾರೋ ನಲ್ಲಿ ತಿರುವಿದರು, ನೀರಿನ ಬದಲು ಸೀಟಿ ಬಂತು.

ಕಣ್ಣು ತೆರೆದರೆ ನಿಜವಾಗಿಯೂ ಸೀಟಿ. ಜನ ಹಿಂದೆ ಹಿಂದೆ ಸರಿಯುತ್ತಿದ್ದರು. ಸಾಲು ಒಡೆದು ದೊಡ್ಡ ಉಂಗುರವಾಗಿತ್ತು. ಉಂಗುರದ ನಡುವೆ, ಬಿಸಿಲಿನಲ್ಲಿ, ದೊಡ್ಡಪ್ಪನ ಧೋತರ ಸುತ್ತಿಕೊಂಡು ನಮ್ಮ ಬುತ್ತಿಗಂಟು ಒಂದೇ ಕುಳಿತಿತ್ತು.

“ಅಯ್ಯ, ನಮ್ಮ ಬುತ್ತಿಗೆ ಎಲ್ಲಾರೂ ಯಾಕ ಹೆದರಾಕತ್ತಾರ ಬೇ?” ಎಂದಳು ದೊಡ್ಡವ್ವ.

“ಯಾರದಿದು ಗಂಟು? ಯಾರದು?” ಕಾವಲಿನವನ ದನಿ ಏರಿತ್ತು. ತಪಾಸಣೆಯ ಚೌಕಟ್ಟಿನ ಹತ್ತಿರ ಇದ್ದ ಕಾವಲಿನ ಹುಡುಗಿಯೂ ಓಡಿ ಬಂದಳು.

ನಾನು ಕೈ ಎತ್ತಿ ಓಡಿದೆ. “ನಮ್ದ ರೀ ಯಪ್ಪಾ, ನಮ್ದು! ಪಾಳಿಗೆ ಇಟ್ಟಿದ್ವಿ.”

“ಪಾಳಿಗೆ? ಗಂಟು ಪಾಳಿ ನಿಂದ್ರತದೇನ್ರಿ?”

“ನಮ್ಮೂರಾಗ ನಿಂದ್ರತದ ರೀ.”

“ಏನದ ಇದ್ರಾಗ? ಒಳಗ ಡಬ್ಬಿ ಇದ್ದಂಗ ಅದ. ನೀವೇ ಬಿಚ್ರಿ. ಸಾವಕಾಶ.”

ಬಿಚ್ಚಿದೆ. ಬೆಳ್ಳುಳ್ಳಿ ಹಾಕಿ ಕುಟ್ಟಿದ ಚಟ್ನಿಯ ವಾಸನೆ ಉಂಗುರದ ಉದ್ದಕ್ಕೂ ಹರಡಿತು. ಮೊದಲು ಯಾರೋ ಒಬ್ಬರು ಮೂಗೇರಿಸಿದರು, ಆಮೇಲೆ ಯಾರೋ ನಕ್ಕರು, ಆಮೇಲೆ ಶಾಲೆ ಮಕ್ಕಳೆಲ್ಲ ಒಟ್ಟಿಗೆ ಹೋ ಎಂದರು. ಕಾವಲಿನವನು ಹಣೆ ಒರೆಸಿಕೊಂಡ. ನನ್ನ ಪಾಲಿಗೆ ರೊಟ್ಟಿ, ಅವನ ಪಾಲಿಗೆ ಅದು ಏನಾದರೂ ಆಗಬಹುದಿತ್ತು.

“ಊಟ ಒಳಗ ಒಯ್ಯಂಗಿಲ್ಲ. ಇಲ್ಲ ಗಾಡ್ಯಾಗ ಇಟ್ಟು ಬರ್ರಿ, ಇಲ್ಲ ಇಲ್ಲೇ ಉಂಡು ಬರ್ರಿ. ಬಂದು ಹಿಂದಿಂದ ಪಾಳಿ ಹಚ್ರಿ.”

“ಅಷ್ಟೂ ಹಿಂದಿಂದ? ಅರ್ಧಕ್ಕ ಬಂದಿದ್ವಿ ರೀ. ಮುದುಕಿ ಅದಾಳ, ಕಾಲು ನೋಯ್ತಾವ. ಸ್ವಲ್ಪ ನಡುವ ಬಿಡ್ರಿ. ನಿಮಗೂ ನಾಕು ರೊಟ್ಟಿ...”

“ಅಕ್ಕಾ,” ಎಂದಳು ಕಾವಲಿನ ಹುಡುಗಿ, “ಇದು ಸಂತಿ ಅಲ್ಲ. ಇಲ್ಲಿ ಚೌಕಾಸಿ ನಡ್ಯಂಗಿಲ್ಲ.”

ಪಾಳಿಯ ತುದಿಯನ್ನು ನೋಡಿದೆ. ಅದು ರಸ್ತೆಯ ತನಕ ಹೋಗಿತ್ತು. ಮೇಲೆ ಹತ್ತುವ ದಾರಿಯನ್ನು ಕಟ್ಟಡಕ್ಕಿಂತ ಮೊದಲೇ ಮುಚ್ಚುತ್ತಾರೆ ಎಂದು ಪಕ್ಕದವರು ಹೇಳಿದರು. ದೊಡ್ಡವ್ವನ ಮೊಣಕಾಲು ಇನ್ನೊಂದು ಸಲ ಇಷ್ಟು ದೂರ ಬರುವುದಿಲ್ಲ. ಇಂದು ಹತ್ತಲಿಲ್ಲವೆಂದರೆ ಆ ಹೆಸರು ಅವಳ ಬಾಯೊಳಗೇ ಉಳಿಯುತ್ತದೆ. ಅದಕ್ಕೆ ಅಡ್ಡ ಬಂದದ್ದು ಅವಳೇ ನಸುಕಿಗಿಂತ ಮೊದಲು ಎದ್ದು ತಟ್ಟಿದ ರೊಟ್ಟಿ, ಅದನ್ನು ಪಾಳಿಗೆ ನಿಲ್ಲಿಸಿದ ನನ್ನ ಜಾಣತನ.

ದೊಡ್ಡವ್ವ ಮಾತ್ರ ಬೇವಿನ ಕಟ್ಟೆಯ ಮೇಲೆ ಧೋತರ ಹಾಸಿ ಕುಳಿತಿದ್ದಳು. “ಬಾ, ಮೊದ್ಲ ಉಣ್ಣು. ಹಸದ ಹೊಟ್ಟಿಲೆ ಸಿಟ್ಟು ಭಾಳ.” ಉಂಡೆವು. ನಾವಿಬ್ಬರು ಎಷ್ಟು ಉಂಡೇವು? ಅವಳು ಹೋಗಿಬರುವವರನ್ನು ಕರೆದು ಕರೆದು ರೊಟ್ಟಿಯ ಮೇಲೆ ಪಲ್ಯ ಹಾಕಿ ಕೊಟ್ಟಳು. ತಲೆ ಅಲ್ಲಾಡಿಸಿದ್ದ ಆ ಯಜಮಾನ ಒಳಗೆ ನೋಡಿ ಹೊರಗೆ ಬಂದಿದ್ದ. ಅವನಿಗೂ ಕೊಟ್ಟಳು. ಅವನು ಮತ್ತೆ ತಲೆ ಅಲ್ಲಾಡಿಸಿದ. ಈ ಸಲ ರೊಟ್ಟಿ ಚೆನ್ನಾಗಿದೆ ಎಂದು ಇರಬೇಕು.

ಆಮೇಲೆ ಪಾಳಿಯ ಬಾಲಕ್ಕೆ ಹೋಗಿ ನಿಂತೆವು. ಬಿಸಿಲು ಹಳದಿಯಾಯಿತು, ಆಮೇಲೆ ಜೇನಿನ ಬಣ್ಣಕ್ಕೆ ತಿರುಗಿತು. ಗುಂಬಜದ ನೆರಳು ಹುಲ್ಲಿನ ಮೇಲೆ ನಿಧಾನ ಉದ್ದವಾಗುತ್ತ ಬಂತು. ಪಾಳಿ ಸರಿಯುತ್ತಿದೆಯೋ ನೆರಳು ಸರಿಯುತ್ತಿದೆಯೋ ತಿಳಿಯದಂತಾಯಿತು. ದೊಡ್ಡವ್ವ ನನ್ನ ತೋಳು ಹಿಡಿದು ನಿಂತೇ ತೂಕಡಿಸಿದಳು. ಒಳಗಿನಿಂದ ಮಕ್ಕಳ ಕೂಗು ಬರುತ್ತಿತ್ತು, ದೂರದ ಹೊಲದಲ್ಲಿ ಸಾವಿರ ಗಿಳಿ ಇಳಿದಂತೆ. ಶಾಲೆಯ ಸಾಲುಗಳು ಒಂದೊಂದೇ ಹೊರಗೆ ಬಂದವು, ಬಸ್ಸುಗಳು ಒಂದೊಂದೇ ಹೋದವು.

ಕೊನೆಗೂ ಬಾಗಿಲಿಲ್ಲದ ಬಾಗಿಲು ಬಂತು. ದೊಡ್ಡವ್ವ ಹಾದಳು, ಅದು ಕೀಂ ಎಂದಿತು. ಕಾವಲಿನ ಹುಡುಗಿ ಅವಳನ್ನು ಪರದೆಯ ಹಿಂದೆ ಕರೆದು ಭುಜದಿಂದ ಪಾದದ ತನಕ ಎರಡೂ ಕೈಯಿಂದ ಸವರಿದಳು. ಸೆರಗಿನ ತುದಿಗೆ ಕಟ್ಟಿದ ಚಿಲ್ಲರೆ, ಸೊಂಟದ ಬೀಗದಕೈ, ಅಷ್ಟೇ. ಸವರಿ ಮುಗಿಯುತ್ತಲೇ ದೊಡ್ಡವ್ವ ಆ ಹುಡುಗಿಯ ಮುಖದ ಸುತ್ತ ತನ್ನ ಎರಡೂ ಕೈ ಇಳಿಸಿ, ಬೆರಳನ್ನು ತನ್ನ ಕಪಾಳಕ್ಕೊತ್ತಿ ಲಟಲಟ ಲಟಿಗೆ ಮುರಿದಳು.

“ಏನು ಮಾಡ್ತಿ ಯವ್ವಾ?”

“ಮುಂಜಾನಿಂದ ಎಲ್ಲಾರ ದೃಷ್ಟಿ ತಗ್ಯಾಕತ್ತಿ. ನಿನ್ನ ದೃಷ್ಟಿ ತಗಿಯೋರು ಯಾರು, ಮಗಳ?”

ಹುಡುಗಿ ಗಟ್ಟಿಯಾಗಿ ನಕ್ಕಳು. ಆಮೇಲೆ ನಗು ನಿಂತಿತು. “ಮ್ಯಾಲೆ ಹತ್ತಬೇಕಂತೀಯೇನು ಈ ಕಾಲಿಲೆ? ಈಗ ಬಂದ್ ಮಾಡ್ತಾರ.”

“ಒಂದು ಮಾತು ಆಡೂದು ಅದ ಮಗಳ. ಬರೇ ಒಂದು.”

ಅವಳು ಏನು ಮಾತು ಎಂದು ಕೇಳಲಿಲ್ಲ. ನಮ್ಮ ಹಿಂದೆ ಪಾಳಿ ಮುಗಿದಿತ್ತು. ತಾನೇ ಮುಂದೆ ನಡೆದು ಹೋಗಿ ಮೆಟ್ಟಿಲ ಬಾಗಿಲಿನಲ್ಲಿ ನಿಂತಿದ್ದವನಿಗೆ, “ಇವ್ರೇ ಕಡೀದವ್ರು, ಹೋಗಿ ಬರ್ಲಿ ಬಿಡ್ರಿ” ಎಂದಳು. ಅವನು ಕೈಯಲ್ಲಿದ್ದ ಬೀಗವನ್ನು ಕಿಸೆಗೆ ಹಾಕಿಕೊಂಡ.

ಮೆಟ್ಟಿಲು ಕಿರಿದು, ಎತ್ತರ, ಕತ್ತಲು. ಒಂದು ಮಹಡಿ ಹತ್ತುವುದು, ಕಿಂಡಿಯ ಹತ್ತಿರ ಕೂರುವುದು. ಒಂದೊಂದು ಕಿಂಡಿಯಲ್ಲೂ ಊರು ಇನ್ನಷ್ಟು ಸಣ್ಣದಾಗಿ, ಇನ್ನಷ್ಟು ಕೆಂಪಾಗಿ ಕಾಣುತ್ತಿತ್ತು. ಇಳಿಯುವವರು ಗೋಡೆಗೆ ಅಂಟಿ ದಾರಿ ಬಿಟ್ಟರು. ಆಮೇಲೆ ಇಳಿಯುವವರೂ ಇಲ್ಲವಾದರು. ದೊಡ್ಡವ್ವನ ಏದುಸಿರು, ನನ್ನ ಏದುಸಿರು, ಪಾರಿವಾಳದ ರೆಕ್ಕೆ.

ಗುಮ್ಮಟದ ಒಳಗಿನ ಸುತ್ತುಹಾದಿಗೆ ಕಾಲಿಟ್ಟಾಗ ಅಲ್ಲಿ ಯಾರೂ ಇರಲಿಲ್ಲ. ಮಧ್ಯಾಹ್ನ ಬಂದಿದ್ದರೆ ಆ ಸಾವಿರ ಗಿಳಿಗಳ ನಡುವೆ ಅವಳ ಪಿಸುಮಾತು ಎಲ್ಲಿ ಕೇಳುತ್ತಿತ್ತು? ನಮ್ಮನ್ನು ಹಿಂದಕ್ಕೆ ತಳ್ಳಿದ ಬುತ್ತಿಗಂಟೇ ನಮಗೆ ಈ ನಿಶ್ಶಬ್ದವನ್ನು ಕೊಡಿಸಿತ್ತು. ಕೆಳಗೆ ಆಳದಲ್ಲಿ ನೆಲ, ಮೇಲೆ ತಿಳಿಗತ್ತಲು. ದೊಡ್ಡ ಗಡಿಗೆಯ ಹೊಟ್ಟೆಯೊಳಗೆ ನಿಂತ ಹಾಗೆ.

“ನೀ ಆ ಕಡಿ ಹೋಗಿ ಕುಂದ್ರು. ಕೇಳಬ್ಯಾಡ.”

ಎದುರು ಬದಿಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ಕುಳಿತೆ. ಕೇಳಬಾರದು ಅಂದುಕೊಂಡರೂ ಆ ಗೋಡೆ ಬಿಡುತ್ತದೆಯೇ? ಮೊದಲು ಅವಳು ಕೆಮ್ಮಿದಳು. ಏಳು ಮುದುಕಿಯರು ಸಾಲಾಗಿ ಕೆಮ್ಮಿದರು. ಅವಳಿಗೆ ನಗು ಬಂತು. ಏಳು ಜನ ನಕ್ಕರು, ಕೊನೆಯವಳು ಚಿಕ್ಕ ಹುಡುಗಿಯಂತೆ. ಆಮೇಲೆ ಒಡಪು ಶುರುವಾಯಿತು. ಜ್ವಾಳ, ಕವಣಿ, ದೀಪ, ಗ್ವಾಡಿ ಒಂದರ ಮೇಲೊಂದು ಹತ್ತಿ ಕಲಸಿಹೋದವು. ಅವಳು ನಿಲ್ಲಿಸಿದಳು. ಗೋಡೆ ಸುಮ್ಮನಾಗುವ ತನಕ ಕಾದಳು. ನಲ್ಲಿಯ ಮುಂದೆ ಕಾದಂತೆ, ಅವಸರವಿಲ್ಲದೆ.

ಆಮೇಲೆ ಬರೀ ಹೆಸರು.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ದೊಡ್ಡಪ್ಪನನ್ನು ಕೆಲಸಕ್ಕೆ ಕರೆಯುವವರ ಬಾಯಲ್ಲಿ ನೂರು ಸಲ ಕೇಳಿದ್ದೆ, ಮೋಟಾಗಿ, ಮುಂದೆ ‘ಲೇ’ ಹಚ್ಚಿ. ಅದು ಇಷ್ಟು ಉದ್ದದ, ಇಷ್ಟು ಮೆತ್ತಗಿನ ಹೆಸರು ಎಂದು ನನಗೆ ಗೊತ್ತಿರಲಿಲ್ಲ. ಒಂದು ಸಲ ಅವಳದು. ಉಳಿದದ್ದು ಗುಂಬಜದ್ದು. ಹೆಸರು ಗೋಡೆಯ ಗುಂಟ ನಡೆದು ಬಂದು, ನನ್ನ ಬೆನ್ನ ಹಿಂದಿನಿಂದ ಹಾದು, ಮತ್ತೆ ಅವಳ ಕಡೆಗೆ ಹೋಯಿತು. ಕೊನೆಯ ಸಲ ಅದು ಹೆಸರಾಗಿ ಉಳಿದಿರಲಿಲ್ಲ. ಕಟ್ಟೆಯ ಮೇಲೆ ಕುಳಿತವನೊಬ್ಬ ‘ಹ್ಞೂಂ’ ಎಂದ ಹಾಗಿತ್ತು.

ಕೆಳಗಿನಿಂದ ಸೀಟಿ ಬಂತು. ನಾನು ಹೋಗಿ ಅವಳನ್ನು ಎಬ್ಬಿಸಿದೆ.

“ಏಳೂ ಬಂದ್ವೇನು?” ಎಂದು ಕೇಳಿದೆ.

“ಎಣಸ್ಲಿಲ್ಲ ಬೇ,” ಎಂದಳು. “ವ್ಯಾಪಾರ ಅವ್ರದು. ಅವ್ರ ಎಣಿಸ್ಕೊಂಡಿರ್ತಾರ.”

ಇಳಿಯುವಾಗ ಅವಳು ಒಂದೇ ಒಂದು ಕಿಂಡಿಯ ಹತ್ತಿರ ಕುಳಿತಳು, ಅದೂ ನನಗೆ ದಣಿವಾಗಿದೆ ಎಂದು.

ಈಗ ನಿಮಗೆ ನಾಲ್ಕು ಮಾತು. ಇಂಥ ಜಾಗಕ್ಕೆ ಹೋದರೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ, ಅದು ಆಗದಿದ್ದರೆ ಮುಚ್ಚುವ ಹೊತ್ತಿಗೆ ಹೋಗಿ. ನಡುಹೊತ್ತು ಶಾಲೆ ಮಕ್ಕಳದ್ದು, ಅವರಿಗೆ ಬಿಟ್ಟುಕೊಡಿ. ಮೇಲೆ ಹತ್ತುವ ದಾರಿ ಯಾವಾಗ ಬಂದ್ ಆಗುತ್ತದೆ ಎಂಬುದನ್ನು ಟಿಕೇಟು ತೆಗೆಯುವಾಗಲೇ ಕೇಳಿಕೊಳ್ಳಿ. ಬುತ್ತಿ ಕಟ್ಟಿಕೊಂಡು ಹೋಗಿ, ಆದರೆ ಹೊರಗೇ ಉಂಡು ಮುಗಿಸಿ, ಕೈತೊಳೆದುಕೊಂಡು ಪಾಳಿ ಹಚ್ಚಿ. ಬೀಗದಕೈ, ಚಿಲ್ಲರೆ, ಫೋನು ಎಲ್ಲ ಒಂದೇ ಚೀಲದಲ್ಲಿರಲಿ. ಕಾವಲಿನವರ ಜೊತೆ ಚೌಕಾಸಿ ಮಾಡಬೇಡಿ. ಅವರ ಹತ್ತಿರ ಮಾರಲಿಕ್ಕೆ ಏನೂ ಇರುವುದಿಲ್ಲ, ಹೆದರಿಕೆ ಮಾತ್ರ ಇರುತ್ತದೆ. ಒಂದು ಒಳ್ಳೆಯ ಮಾತು ಆಡಿ, ಅದಕ್ಕೆ ದರ ಇಲ್ಲ. ಮೊಣಕಾಲು ನೋವಿದ್ದವರು ಡಾಕ್ಟರು ಬೇಡ ಎನ್ನುವ ಮೊದಲೇ ಹೋಗಿಬನ್ನಿ. ಮೇಲೆ ಹತ್ತಿದ ಮೇಲೆ ಮೊದಲು ಒಮ್ಮೆ ಕೆಮ್ಮಿ ನೋಡಿ, ಗೋಡೆಯ ಅಳತೆ ಸಿಗುತ್ತದೆ. ಉದ್ದದ ಮಾತು ಅಲ್ಲಿ ಕಲಸಿಹೋಗುತ್ತದೆ. ಒಂದೇ ಒಂದು ಶಬ್ದ ಒಯ್ಯಿರಿ, ಯಾವುದೆಂದು ದಾರಿಯಲ್ಲೇ ನಿಶ್ಚಯ ಮಾಡಿಕೊಳ್ಳಿ. ಮತ್ತು ಏನೇ ಆಗಲಿ, ಗಂಟನ್ನು ಪಾಳಿಗೆ ನಿಲ್ಲಿಸಬೇಡಿ. ನೀವೇ ನಿಲ್ಲಿ.